ರೆಟಿನಾದ ಪದರಗಳನ್ನು ಸ್ಕ್ಯಾನ್ ಮಾಡುವ ಓಸಿಟಿ ಮೆಷಿನ್ ಇರುವಾಗ ಟಾರ್ಚ್ ಹಾಕಿ ಪಾಪೆ ನೋಡಲೇಬೇಕಾ? ರೆಟಿನಾ (ಕಣ್ಣಿನ ಹಿಂಪರದೆ) ತೊಂದರೆಯೋ ಕಣ್ಣಿನ ನರದ ತೊಂದರೆಯೋ ಅದರಿಂದ ಗೊತ್ತಾಗುತ್ತಾ?

ನೋಡಲೇಬೇಕು. ಅದೂ ಪಾಪೆ ಅಗಲ ಮಾಡುವ ಡ್ರಾಪ್ಸ್ ಬಿಡುವ ಮೊದಲು. ಪಿಜಿ ಮೊದಲ ವರ್ಷದಲ್ಲಿ ನಾನೂ ಇದನ್ನೇ ಕೇಳುತ್ತಿದ್ದೆ.

ಅವತ್ತು ಓಪಿಡಿ ತುಂಬಿತ್ತು. ಮೂವತ್ತೈದರ ಆಸುಪಾಸಿನವರೊಬ್ಬರು ನಾಲ್ಕು ದಿನದಿಂದ ಬಲಗಣ್ಣು ಮಂಜು ಅಂತ ಬಂದರು. ದೃಷ್ಟಿ 6/36, ಅಂದರೆ ಬೇರೆಯವರು 36 ಮೀಟರಿಂದ ಓದುವುದನ್ನು 6 ಮೀಟರಿಗೆ ಬಂದು ಓದುವಷ್ಟು. ಸಮಯ ಉಳಿಯುತ್ತದೆ ಅಂತ, ಸಾಲಿನಲ್ಲಿ ಕೂತಿದ್ದಾಗಲೇ ಆ ಡ್ರಾಪ್ಸ್, ಟ್ರೋಪಿಕಮೈಡ್, ಬಿಡಲು ನಾನೇ ಹೇಳಿದ್ದೆ. ಒಳಗೆ ಬರುವಷ್ಟರಲ್ಲಿ ಎರಡೂ ಪಾಪೆ ಅಗಲವಾಗಿದ್ದವು. ಟಾರ್ಚ್ ಬಿಟ್ಟರೆ ಅಲುಗುವುದಿಲ್ಲ. ಒಂದು ಕಣ್ಣಿಗೆ ಮಾತ್ರ ಡ್ರಾಪ್ಸ್ ಬಿಟ್ಟಿದ್ದರೂ ಇನ್ನೊಂದು ಪಾಪೆ ನೋಡಿ ತಿಳಿಯಬಹುದಿತ್ತು. ಮರುದಿನ ಕರೆಸಬಹುದಿತ್ತು. ಕನಿಷ್ಠ ಡ್ರಾಪ್ಸ್ ಬಾಟಲಿಯ ಕೆಂಪು ಮುಚ್ಚಳ ತೋರಿಸಿ, ಎರಡೂ ಕಣ್ಣಿಗೆ ಒಂದೇ ಥರ ಕೆಂಪಾ ಅಂತ ಕೇಳಬಹುದಿತ್ತು. ನರ ಕೆಟ್ಟ ಕಣ್ಣಿಗೆ ಕೆಂಪು ಮಾಸಿದ ಹಾಗೆ ಕಾಣುತ್ತದೆ. "ಕಣ್ಣು ಹೊರಳಿಸಿದರೆ ನೋವು ಡಾಕ್ಟ್ರೇ" ಅಂತ ಅವರೇ ಹೇಳಿದ್ದರು. ತಲೆನೋವು ಇರಬೇಕು ಅಂದುಕೊಂಡೆ.

ಕಣ್ಣೊಳಗೆ ನೋಡಿದೆ. ಡಿಸ್ಕ್, ಅಂದರೆ ನರದ ತುದಿ, ಚೆನ್ನಾಗಿಯೇ ಕಂಡಿತು. ರೆಟಿನಾದ ನಡುಭಾಗ ಮ್ಯಾಕುಲಾ ಸ್ವಲ್ಪ ಮಂಕು ಅನಿಸಿತು. ಸಿಎಸ್‌ಆರ್ ಅಂತ ಬರೆದೆ, ಅಂದರೆ ರೆಟಿನಾ ಅಡಿ ನೀರು. ಅದು ಬಹುತೇಕ ತಾನಾಗಿಯೇ ಇಳಿಯುತ್ತದೆ, ಸ್ಟೀರಾಯ್ಡ್ ಕೊಟ್ಟರೆ ಜಾಸ್ತಿಯಾಗುತ್ತದೆ. "ಸ್ಟೀರಾಯ್ಡ್ ಮುಟ್ಟಬೇಡಿ, ತಿಂಗಳು ಬಿಟ್ಟು ಬನ್ನಿ" ಅಂದೆ. ಅವರಿಗೆ ಬೇಕಾಗಿದ್ದೇ ಸ್ಟೀರಾಯ್ಡ್.

ಹನ್ನೆರಡು ದಿನಕ್ಕೆ ವಾಪಸ್ ಬಂದರು. ಬೆರಳು ಎಣಿಸುವಷ್ಟೂ ಕಾಣುತ್ತಿರಲಿಲ್ಲ. ಸೀನಿಯರ್ ಕೋಣೆ ಕತ್ತಲು ಮಾಡಿಸಿ, ದೂರ ನೋಡಲು ಹೇಳಿ, ಎಡಗಣ್ಣಿಗೆ ಎರಡು ಮೂರು ಸೆಕೆಂಡ್ ಟಾರ್ಚ್ ಹಿಡಿದರು. ಎರಡೂ ಪಾಪೆ ಕುಗ್ಗಿದವು. ಟಕ್ಕನೆ ಬಲಗಣ್ಣಿಗೆ ತಂದರು. ಬೆಳಕು ಬೀಳುತ್ತಿದ್ದರೂ ಪಾಪೆ ಅಗಲವಾಯಿತು. ಇದೇ ಆರ್‌ಎಪಿಡಿ, ಅಂದರೆ ಆ ಕಣ್ಣಿಂದ ಮಿದುಳಿಗೆ ಬೆಳಕಿನ ಸುದ್ದಿ ಇನ್ನೊಂದಕ್ಕಿಂತ ಕಡಿಮೆ ಹೋಗುತ್ತಿದೆ ಅನ್ನುವ ಗುರುತು. ಆಪ್ಟಿಕ್ ನ್ಯೂರೈಟಿಸ್, ಕಣ್ಣಿನ ನರದ ಉರಿಯೂತ. ರಕ್ತಪರೀಕ್ಷೆಯಲ್ಲಿ ಎನ್‌ಎಂಒ ಪಾಸಿಟಿವ್, ಅಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಕಣ್ಣಿನ ನರ, ಬೆನ್ನುಹುರಿಯ ಮೇಲೆ ಎರಗುವ ಕಾಯಿಲೆ. ಆ ಕಾಯಿಲೆಯಲ್ಲಿ ಒಂದೊಂದು ದಿನವೂ ಲೆಕ್ಕ.

ಓಸಿಟಿ ತೆಗೆಸಿದ್ದರೆ ನೀರಿಲ್ಲ ಅಂತ ಗೊತ್ತಾಗುತ್ತಿತ್ತು, ನಿಜ. ನರ ಕೆಟ್ಟಿದೆ ಅಂತ ಅಲ್ಲ. ಶುರುವಿನಲ್ಲಿ ಅದೂ ಚೆನ್ನಾಗಿಯೇ ಕಾಣಬಹುದು.

ಇನ್ನು, ರೆಟಿನಾನೋ ನರಾನೋ ಅಂತ ಪಾಪೆ ಒಂದನ್ನೇ ಕೇಳುವುದೇ ತಪ್ಪು. ದೃಷ್ಟಿಯ ಪಕ್ಕದಲ್ಲಿಟ್ಟು ನೋಡಿ. ಸಿಎಸ್‌ಆರ್‌ನಲ್ಲಿ 6/36 ಇದ್ದರೂ ಆರ್‌ಎಪಿಡಿ ಇರುವುದಿಲ್ಲ, ಇದ್ದರೂ ತೀರಾ ಕಡಿಮೆ. ನ್ಯೂರೈಟಿಸ್‌ನಲ್ಲಿ 6/9 ಓದುವವರಲ್ಲೂ ಎದ್ದು ಕಾಣಬಹುದು. ರೆಟಿನಾ ಪೂರ್ತಿ ಕಳಚಿದ್ದರೆ, ಅದರ ಮುಖ್ಯ ರಕ್ತನಾಳ ಕಟ್ಟಿದ್ದರೆ ಆಗಲೂ ಆರ್‌ಎಪಿಡಿ ಬರುತ್ತದೆ. ಆದರೆ ಅದು ಸಾಮಾನ್ಯವಾಗಿ ಕಣ್ಣೊಳಗೆ ನೋಡಿದಾಗಲೇ ತಿಳಿಯುತ್ತದೆ. ಎರಡೂ ಕಣ್ಣು ಸಮನಾಗಿ ಕೆಟ್ಟಿದ್ದರೆ ಮಾತ್ರ ಈ ಪರೀಕ್ಷೆ ಸುಮ್ನೆ.

ಅವರ ಬಲಗಣ್ಣು 6/60ಕ್ಕೆ ನಿಂತಿತು. ಈಗ ನನ್ನ ಓಪಿಡಿಯಲ್ಲಿ ಪಾಪೆ ಹೇಗಿದೆ ಅಂತ ಚೀಟಿಯಲ್ಲಿ ಬರೆಯದೆ ಯಾರಿಗೂ ಡ್ರಾಪ್ಸ್ ಬಿಡುವಂತಿಲ್ಲ.