ರಾತ್ರಿ ಹನ್ನೊಂದೂವರೆಯ ಬೈಕು

ಮೈಸೂರಿನ ಓದುಗರೊಬ್ಬರು, ನಿವೃತ್ತ ಶಿಕ್ಷಕಿ, ಹೆಸರು ಅಚ್ಚಾಗುವುದು ಬೇಡ ಎಂಬ ಕೋರಿಕೆಯೊಂದಿಗೆ ಬರೆದ ಪತ್ರದ ಸಾರ ಇಷ್ಟು: ಅವರ ಪತಿ ಪಾರ್ಶ್ವವಾಯುವಿನಿಂದ ಎಂಟು ತಿಂಗಳಿಂದ ಹಾಸಿಗೆ ಹಿಡಿದಿದ್ದಾರೆ. ಹತ್ತು ಗಂಟೆಗೆ ಮಾತ್ರೆ ಕೊಟ್ಟು ಮಲಗಿಸಿದರೆ, ಹನ್ನೊಂದೂವರೆಯ ಹೊತ್ತಿಗೆ ಅದೇ ಬಡಾವಣೆಯ ಯುವಕನೊಬ್ಬ ಸೈಲೆನ್ಸರ್ ಬದಲಿಸಿದ ಬೈಕಿನಲ್ಲಿ ಬೀದಿಗೆ ಬರುತ್ತಾನೆ. ಹಾಸಿಗೆಯ ಪಕ್ಕದ ನೀರಿನ ಚೊಂಬಿನ ಮೇಲಿನ ಮುಚ್ಚಳ ಕಟಕಟನೆ ಅದುರುತ್ತದೆ. ಬೆಚ್ಚಿ ಎಚ್ಚರಗೊಂಡ ಪತಿಗೆ ಮತ್ತೆ ನಿದ್ದೆ ಹತ್ತುವಾಗ ಎರಡು ಗಂಟೆ ದಾಟಿರುತ್ತದೆ. ನೆರೆಯವರು “ವಯಸ್ಸಿನ ಹುಡುಗರು, ನಾವೇ ಸ್ವಲ್ಪ ಹೊಂದಿಕೊಂಡು ಹೋಗಬೇಕು ಮೇಡಂ” ಎನ್ನುತ್ತಾರೆ. ಠಾಣೆಗೆ ಫೋನ್ ಮಾಡಿದರೆ “ಸದ್ದು ಎಷ್ಟು ಡೆಸಿಬಲ್ ಇತ್ತು?” ಎಂಬ ಪ್ರಶ್ನೆ ಬಂತು. “ನನಗೇ ಸಹನೆ ಕಡಿಮೆಯಾಯಿತೇ? ಅಥವಾ ಕಳೆದ ತಿಂಗಳ ಸಂಚಿಕೆಯಲ್ಲಿ ಹಳೆಯ ಯೆಜ್ಡಿ ಬೈಕಿನ ಸದ್ದನ್ನು ಹೊಗಳಿದ ನಿಮಗೂ ಇದು ಸಂಗೀತವಾಗಿಯೇ ಕೇಳುತ್ತದೆಯೇ?” ಎಂದು ಕೇಳಿದ್ದಾರೆ.

ಮಾನ್ಯರೇ,

ನಿಮ್ಮ ಪತ್ರ ಓದುತ್ತಾ ನಾನು ತಡೆದು ನಿಂತದ್ದು ಆ ಚೊಂಬಿನ ಮುಚ್ಚಳದ ಬಳಿ. ಲೋಹದ ಮುಚ್ಚಳಕ್ಕೆ ವಯಸ್ಸಾಗುವುದಿಲ್ಲ, ಸಹನೆ ಕೆಡುವುದೂ ಇಲ್ಲ. ಅದು ಅದುರಿತು ಎಂದರೆ ನಿಮ್ಮ ಮನೆಯೊಳಗೆ ಏನೋ ಬಂದು ಅದನ್ನು ಅಲುಗಾಡಿಸಿದೆ ಎಂದೇ ಅರ್ಥ. ಒಂದೇ ಸಿಲಿಂಡರಿನ, ನಾಲ್ಕು ಸ್ಟ್ರೋಕಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಅದರೊಳಗೆ ಸೆಕೆಂಡಿಗೆ 25 ಸಲ ಪೆಟ್ರೋಲು ಹೊತ್ತಿಕೊಳ್ಳುತ್ತದೆ, 25 ಸಲ ಬಿಸಿ ಅನಿಲ ಭಾರಿ ಒತ್ತಡದಿಂದ ಕೊಳವೆಗೆ ನುಗ್ಗುತ್ತದೆ. ಇಷ್ಟು ತಗ್ಗು ಶ್ರುತಿಯ ಸದ್ದನ್ನು ಕಿಟಕಿಯ ಗಾಜಾಗಲಿ ದಪ್ಪ ಪರದೆಯಾಗಲಿ ಸರಿಯಾಗಿ ತಡೆಯಲಾರವು. ಕಿವಿಗೆ ಹತ್ತಿ ತುರುಕಿಕೊಂಡರೂ ಅದು ಎದೆಗೆ ಬಡಿಯುತ್ತದೆ. ಆದ್ದರಿಂದ ಮೊದಲ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟ: ನಿಮ್ಮ ಸಹನೆಯಲ್ಲಿ ಕೊರತೆಯೇನೂ ಇಲ್ಲ. ಎಂಟು ತಿಂಗಳ ಆರೈಕೆಯ ನಡುವೆಯೂ ನೀವು ಆ ಹುಡುಗನ ಬಗ್ಗೆ ಒಂದು ಕೆಟ್ಟ ಮಾತು ಬರೆದಿಲ್ಲ ಎಂಬುದನ್ನು ನಾನು ಗಮನಿಸಿದ್ದೇನೆ.

ಈ ಉತ್ತರ ಬರೆಯುವ ಮುನ್ನ ನಮ್ಮ ಕಚೇರಿಗೆ ಹತ್ತಿರದ ಒಂದು ಗ್ಯಾರೇಜಿಗೆ ಹೋಗಿ ಅರ್ಧ ಗಂಟೆ ಕುಳಿತು ಬಂದೆ. ಮೆಕ್ಯಾನಿಕ್ ಒಂದು ಬುಲೆಟ್ಟಿನಿಂದ ಬಿಚ್ಚಿದ ಕಂಪನಿಯ ಸೈಲೆನ್ಸರನ್ನು ನನ್ನ ಕೈಗೆ ಕೊಟ್ಟರು. ಎರಡೂ ಕೈ ಹಾಕಿ ಹಿಡಿಯಬೇಕಾಯಿತು. ಅದರೊಳಗೆ ತಗಡಿನ ಅಡ್ಡಗೋಡೆಗಳಿವೆ, ತೂತುಗಳಿರುವ ಸಣ್ಣ ಕೊಳವೆಗಳಿವೆ. ಎಂಜಿನ್ನಿನಿಂದ ಹೊರಬಿದ್ದ ಅನಿಲ ಒಂದು ಕೋಣೆಯಿಂದ ಇನ್ನೊಂದಕ್ಕೆ ಸುತ್ತಿ ಬಳಸಿ ಹೋಗುವಷ್ಟರಲ್ಲಿ ಅದರ ಒತ್ತಡದ ಹೊಡೆತ ಹರಡಿಕೊಂಡು, ಹಿಂದಕ್ಕೆ ಪುಟಿದ ಅಲೆ ಮುಂದಿನ ಅಲೆಯನ್ನು ಎದುರಿಸಿ, ಸದ್ದಿನ ಬಹುಪಾಲು ಅಲ್ಲೇ ಅಡಗುತ್ತದೆ. ಆಮೇಲೆ ಅವರು ಅದರ ಬದಲಿಗೆ ಹಾಕುವ ಕೊಳವೆಯನ್ನು ಕೊಟ್ಟರು. ಒಂದೇ ಕೈಯಲ್ಲಿ ಎತ್ತಬಹುದಾದ ಹೊಳೆಯುವ ವಸ್ತು. ಕಣ್ಣಿಗೆ ಹಿಡಿದು ನೋಡಿದೆ. ಈ ತುದಿಯಿಂದ ಆ ತುದಿಗೆ ಬೆಳಕು ನೇರವಾಗಿ ಬರುತ್ತಿತ್ತು, ರಸ್ತೆಯಾಚೆಯ ಹೊಂಗೆ ಮರದ ಎಲೆಗಳು ಕಾಣುತ್ತಿದ್ದವು. ಅದರೊಳಗೆ ಸದ್ದನ್ನು ತಡೆಯುವುದು ಏನೂ ಇರಲಿಲ್ಲ. ಪಂಜಾಬಿ, ಇಂದೋರಿ, ಶಾರ್ಟ್ ಬಾಟಲ್ ಎಂದು ಇವುಗಳಿಗೆ ಹೆಸರುಗಳಿವೆ; ಕೆಲವು ತಕ್ಕಮಟ್ಟಿಗೆ ಸದ್ದು ತಗ್ಗಿಸುತ್ತವೆ, ಕೆಲವಕ್ಕೆ ಸದ್ದು ತಗ್ಗಿಸುವ ಡಿಬಿ ಕಿಲ್ಲರ್ ಎಂಬ ಒಳತುಂಡು ಇರುತ್ತದೆ, ಅದನ್ನೂ ಒಂದು ಸ್ಕ್ರೂ ಬಿಚ್ಚಿ ತೆಗೆದುಬಿಡುತ್ತಾರೆ.

ಗ್ಯಾರೇಜಿನ ಹಿಂಗೋಡೆಯ ಮೇಲೆ ಏಳೆಂಟು ಕಂಪನಿ ಸೈಲೆನ್ಸರುಗಳು ತಂತಿಯಲ್ಲಿ ತೂಗುತ್ತಿದ್ದವು, ಒಂದೊಂದರ ಮೇಲೂ ಸೀಮೆಸುಣ್ಣದಲ್ಲಿ ಬೈಕಿನ ನಂಬರು. ಏಕೆಂದು ಕೇಳಿದೆ. “ಕಂಪನಿ ಸರ್ವಿಸ್‌ಗೆ ಬಿಡೋವಾಗ, ಗಾಡಿ ಮಾರೋವಾಗ ವಾಪಸ್ ಹಾಕಿಸ್ತಾರೆ ಸರ್” ಎಂದರು. ಆ ಸೀಮೆಸುಣ್ಣದ ನಂಬರುಗಳು ನನ್ನನ್ನು ನಿಜಕ್ಕೂ ಕಲಕಿದವು. ತಾವು ಮಾಡಿದ್ದು ಸರಿಯಲ್ಲವೆಂದು ಆ ಬೈಕುಗಳ ಮಾಲೀಕರಿಗೆ ಗೊತ್ತಿದೆ. ಸರ್ವಿಸ್ ಸೆಂಟರಿನ ಮುಂದೆ, ಕೊಳ್ಳುವವನ ಮುಂದೆ ಗಾಡಿಯನ್ನು ಸರಿಮಾಡಿ ನಿಲ್ಲಿಸಬೇಕೆಂದು ತಿಳಿದವರಿಗೆ ನಿಮ್ಮ ಮನೆಯ ಮುಂದೆ ಮಾತ್ರ ಆ ಅಗತ್ಯ ಕಂಡಿಲ್ಲ.

ಇನ್ನು ಠಾಣೆಯವರು ಕೇಳಿದ ಡೆಸಿಬಲ್ ಪ್ರಶ್ನೆ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಬಡಾವಣೆಗಳ ಎಷ್ಟೋ ದೂರುಗಳು ಇಲ್ಲೇ ಮುಗ್ಗರಿಸುತ್ತವೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬಲ್ ಮಿತಿ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರಿನ ನಿಶ್ಶಬ್ದ ವಲಯದಲ್ಲಿ ಇನ್ನೂ 5 ಕಡಿಮೆ. ಮಿತಿಯನ್ನು 10 ಡೆಸಿಬಲ್ ಅಥವಾ ಹೆಚ್ಚು ಮೀರಿದರೆ ನಾಗರಿಕರು ದೂರು ಕೊಡಬಹುದೆಂದು ಅದೇ ನಿಯಮಗಳು ಹೇಳುತ್ತವೆ. ಕೇಳಲು ಇದು ಚೆನ್ನಾಗಿದೆ. ಆದರೆ ಈ ಮಿತಿಗಳೆಲ್ಲ ಸರಾಸರಿಯ ಲೆಕ್ಕ. ನಿಮ್ಮ ಕಿಟಕಿಯ ಹೊರಗೆ 80 ಡೆಸಿಬಲ್ ಸದ್ದು ಮಾಡುತ್ತಾ ಒಂದು ಬೈಕು ಐದು ಸೆಕೆಂಡಿನಲ್ಲಿ ಹಾದುಹೋಯಿತು, ಉಳಿದ ರಾತ್ರಿಯೆಲ್ಲ ನೀರವವಾಗಿತ್ತು ಎಂದಿಟ್ಟುಕೊಳ್ಳಿ. ಎಂಟು ಗಂಟೆಗಳ ಮೇಲೆ ಹರಡಿದಾಗ ಅದರ ಸರಾಸರಿ ಸುಮಾರು 42 ಡೆಸಿಬಲ್ ಮಾತ್ರ. ಕಾಗದದ ಮೇಲೆ ನಿಮ್ಮ ಬೀದಿ ಕಾನೂನಿನ ಮಿತಿಯೊಳಗೇ ಇದೆ. ಹಾಸಿಗೆಯ ಮೇಲೆ ನಿಮ್ಮ ಪತಿ ಎಚ್ಚರವಾಗಿದ್ದಾರೆ. ಮನುಷ್ಯ ಸರಾಸರಿಯಲ್ಲಿ ನಿದ್ದೆ ಮಾಡುವುದಿಲ್ಲ. ಇದನ್ನು ಅರಿತೇ ವಿಶ್ವ ಆರೋಗ್ಯ ಸಂಸ್ಥೆ 1999ರ ಮಾರ್ಗಸೂಚಿಯಲ್ಲಿ ಮಲಗುವ ಕೋಣೆಗೆ 30 ಡೆಸಿಬಲ್ಲಿನ ಸರಾಸರಿಯ ಜೊತೆಗೆ, ಒಂದೊಂದು ಬಿಡಿ ಸದ್ದೂ 45 ಮೀರಬಾರದು ಎಂದು ಬೇರೆಯಾಗಿಯೇ ಹೇಳಿತು. ಅರೆತೆರೆದ ಕಿಟಕಿ ತಡೆಯುವುದು ಸುಮಾರು 15 ಡೆಸಿಬಲ್ ಅಷ್ಟೆ. ಹೊರಗಿನ 80 ನಿಮ್ಮ ಕೋಣೆಯಲ್ಲಿ 65 ಆಗಿರುತ್ತದೆ. ಬೇಸಿಗೆಯಲ್ಲಿ ಕಿಟಕಿ ಮುಚ್ಚಿಕೊಳ್ಳಿ ಎಂದು ರೋಗಿಗೆ ಹೇಳುವವರು ಯಾರು?

ಆದ್ದರಿಂದ ನನ್ನ ಸಲಹೆ ಇದು: ಡೆಸಿಬಲ್ಲಿನ ಹಿಂದೆ ಬೀಳಬೇಡಿ, ಸೈಲೆನ್ಸರಿನ ಹಿಂದೆ ಬೀಳಿ. ಓಡುವ ಬೈಕಿನ ಸದ್ದನ್ನು ಅಳೆಯುವುದು ಕಷ್ಟ. ಪ್ಯಾರಿಸ್ ನಗರದಲ್ಲಿ 2022ರಲ್ಲಿ ಮೈಕ್ರೊಫೋನು, ಕ್ಯಾಮೆರಾಗಳನ್ನು ಕಂಬಕ್ಕೆ ಕಟ್ಟಿ ಅದಕ್ಕೊಂದು ಪ್ರಯೋಗವನ್ನೇ ಆರಂಭಿಸಬೇಕಾಯಿತು. ನಿಂತ ಬೈಕಿಗೆ ಅದಾವುದೂ ಬೇಡ. ಬದಲಿಸಿದ ಕೊಳವೆ ಹಗಲು ಬೆಳಕಿನಲ್ಲಿ ಎಲ್ಲರ ಕಣ್ಣೆದುರು ಬೋಲ್ಟು ಹಾಕಿಕೊಂಡು ಕುಳಿತಿರುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮ ಪ್ರತಿ ವಾಹನಕ್ಕೂ ಸದ್ದನ್ನು ಸಾಧ್ಯವಾದಷ್ಟು ತಗ್ಗಿಸುವ ಸೈಲೆನ್ಸರ್ ಇರಲೇಬೇಕೆನ್ನುತ್ತದೆ. ತಯಾರಿಕೆಯ ಹಂತದಲ್ಲೇ 80ರಿಂದ 175 ಸಿಸಿವರೆಗಿನ ಬೈಕಿಗೆ 77, ಅದಕ್ಕಿಂತ ದೊಡ್ಡದಕ್ಕೆ 80 ಡೆಸಿಬಲ್ ಎಂಬ ಮಿತಿಯಿದೆ. ಅದೂ ಥ್ರಾಟಲ್ ಪೂರ್ತಿ ತಿರುವಿ, ಏಳೂವರೆ ಮೀಟರ್ ದೂರದಿಂದ ಅಳೆದಾಗ. ಬೀದಿಯಲ್ಲಿ ನಿಧಾನವಾಗಿ ಸಾಗುವ ಸುಸ್ಥಿತಿಯ ಗಾಡಿ ಇದಕ್ಕಿಂತ ಬಹಳ ಮೆತ್ತಗಿರುತ್ತದೆ. ಹೀಗೆ ಪರೀಕ್ಷೆಯಾಗಿ ಬಂದ ವಾಹನವನ್ನು ಮನಬಂದಂತೆ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿಷೇಧಿಸುತ್ತದೆ. 2019ರ ತಿದ್ದುಪಡಿಯ ನಂತರ 182ಎ ಕಲಮಿನಡಿ ಮಾಲೀಕನಿಗೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ, ಶಬ್ದದ ಮಾನದಂಡ ಮುರಿದದ್ದಕ್ಕೆ 190ನೇ ಕಲಮಿನಡಿ 10,000 ರೂಪಾಯಿವರೆಗೆ ದಂಡ ಮತ್ತು ಮೂರು ತಿಂಗಳ ಮಟ್ಟಿಗೆ ಲೈಸೆನ್ಸ್ ಅನರ್ಹತೆ ವಿಧಿಸಲು ಅವಕಾಶವಿದೆ. ಇಲ್ಲಿ ನನಗೊಂದು ತಕರಾರಿದೆ. 182ಎ ಕಲಂನ ಈ ದಂಡ ಬೀಳುವುದು ಮಾಲೀಕನ ಮೇಲೆ. ಅದೇ ಕೊಳವೆಯನ್ನು ಗಾಜಿನ ಕಪಾಟಿನಲ್ಲಿ ಜೋಡಿಸಿ ಮಾರುವ ಅಂಗಡಿ ಮಾತ್ರ ನಿರಾತಂಕವಾಗಿ ನಡೆಯುತ್ತದೆ. ರಸ್ತೆಯಲ್ಲಿ ಸೈಲೆನ್ಸರುಗಳನ್ನು ಸಾಲಾಗಿ ಇಟ್ಟು ಪೊಲೀಸರು ರೋಡ್ ರೋಲರ್ ಹಾಯಿಸುವ ಚಿತ್ರಗಳನ್ನು ನಮ್ಮ ಪತ್ರಿಕೆಯೂ ಪ್ರಕಟಿಸಿದೆ. ಒಂದು ವಾರ ಬಿಟ್ಟು ಹೊಸ ಕೊಳವೆ ಅದೇ ಕಪಾಟಿನಿಂದ ಬರುತ್ತದೆ.

ನೀವು ಮಾಡಬೇಕಾದದ್ದನ್ನು ಹೇಳುತ್ತೇನೆ. ರಾತ್ರಿ ಗೇಟಿನ ಬಳಿ ನಿಂತು ಆ ಹುಡುಗನನ್ನು ತಡೆಯಲು ದಯವಿಟ್ಟು ಹೋಗಬೇಡಿ. ಹದಿನೈದು ದಿನ ಒಂದು ಹಳೆಯ ಡೈರಿಯಲ್ಲಿ ತಾರೀಖು, ಹೊತ್ತು, ಬೈಕಿನ ನಂಬರು ಬರೆದಿಡಿ. ಹಗಲು ಆ ಬೈಕು ಯಾವ ಮನೆಯ ಮುಂದೆ ನಿಲ್ಲುತ್ತದೆ ಎಂಬುದನ್ನು ಸೇರಿಸಿ, ಬೀದಿಯ ನಾಲ್ಕೈದು ಮನೆಯವರ ಸಹಿಯೊಂದಿಗೆ ಸಂಚಾರ ಠಾಣೆಗೆ ಲಿಖಿತ ದೂರು ಕೊಡಿ. ಆರ್‌ಟಿಒ ಕಚೇರಿಗೆ ಒಂದು ಪ್ರತಿ ಹೋಗಲಿ. ದೂರಿನಲ್ಲಿ “ಸದ್ದು ಜಾಸ್ತಿ” ಎಂದಷ್ಟೇ ಬರೆದರೆ ಮತ್ತೆ ಡೆಸಿಬಲ್ ಪ್ರಶ್ನೆಯೇ ಬರುತ್ತದೆ. “ಸೈಲೆನ್ಸರ್ ಬದಲಿಸಲಾಗಿದೆ, ವಾಹನವನ್ನು ಪರಿಶೀಲಿಸಿ” ಎಂದು ಬರೆಯಿರಿ. ಹಿಂಬರಹ ಪಡೆಯದೆ ಬರಬೇಡಿ. ಬೈಕುಗಳು ಗುಂಪಾಗಿ ರೇಸ್ ಮಾಡುತ್ತಿದ್ದರೆ ಅದು ಬೇರೆಯೇ ವಿಷಯ, ಆಗ ತಡಮಾಡದೆ 112ಕ್ಕೆ ಕರೆ ಮಾಡಿ. “ಹೊಂದಿಕೊಂಡು ಹೋಗಬೇಕು” ಎನ್ನುವ ನೆರೆಯವರು ಸಹಿಗೆ ಹಿಂಜರಿದರೆ, ಸರ್ವೋಚ್ಚ ನ್ಯಾಯಾಲಯ 2005ರ ಜುಲೈ 18ರ ತೀರ್ಪಿನಲ್ಲಿ ಹೇಳಿದ್ದನ್ನು ಅವರಿಗೆ ತಿಳಿಸಿ: ಸದ್ದಿನ ಕಾಟವಿಲ್ಲದೆ ಬದುಕುವುದು ಸಂವಿಧಾನದ 21ನೇ ವಿಧಿ ಕೊಟ್ಟಿರುವ ಜೀವಿಸುವ ಹಕ್ಕಿನ ಭಾಗ; ಬೇಡವೆನ್ನುವವನ ಕಿವಿಗೆ ಬಲವಂತವಾಗಿ ಸದ್ದು ತುಂಬುವ ಹಕ್ಕು ಯಾರಿಗೂ ಇಲ್ಲ. ಆ ಪ್ರಕರಣದ ಮೂಲದಲ್ಲಿ ಧ್ವನಿವರ್ಧಕದ ಅಬ್ಬರದಲ್ಲಿ ಯಾರಿಗೂ ಕೇಳಿಸದೆ ಹೋದ ಒಬ್ಬ ಬಾಲಕಿಯ ಕೂಗಿತ್ತು.

ಬೈಕ್ ಸವಾರರು ಹೇಳುವ ಒಂದು ವಾದವನ್ನೂ ಇಲ್ಲಿ ಎತ್ತಬೇಕು: ಜೋರು ಸದ್ದಿದ್ದರೆ ಎದುರಿನವರಿಗೆ ಮೊದಲೇ ತಿಳಿಯುತ್ತದೆ, ಅಪಘಾತ ತಪ್ಪುತ್ತದೆ ಎಂಬುದು. ನಾನು ಇದನ್ನು ಒಪ್ಪುವುದಿಲ್ಲ. ಸೈಲೆನ್ಸರಿನ ಬಾಯಿ ಇರುವುದು ಹಿಂದಕ್ಕೆ. ಸದ್ದಿನ ಪೂರ್ಣ ಹೊಡೆತ ಬೀಳುವುದು ಬೈಕು ದಾಟಿಹೋದ ಮೇಲೆ, ಹಿಂದೆ ಉಳಿದ ಮನೆಗಳ ಮೇಲೆ. ಎಚ್ಚರಿಸಲು ಹಾರನ್ ಇದೆ, ಹೆಡ್‌ಲೈಟ್ ಇದೆ.

ಇನ್ನು ಯೆಜ್ಡಿಯ ವಿಷಯ. ಯೆಜ್ಡಿಯನ್ನು ತಯಾರಿಸುತ್ತಿದ್ದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ನಿಮ್ಮ ಊರಿಗೆ ಅನ್ನ ಕೊಟ್ಟಿತು, ಹೆಸರು ತಂದಿತು; ಆ ಎರಡು ಸೈಲೆನ್ಸರಿನ ಬೈಕಿನ ಸದ್ದು ಕೇಳಿ ಅಪ್ಪ ಬಂದರೆಂದು ಬಾಗಿಲಿಗೆ ಓಡಿದ ಮಕ್ಕಳು ಮೈಸೂರಿನಲ್ಲಿ ಎಷ್ಟೋ ಮಂದಿ. ನಮ್ಮ ಲೇಖನ ಆ ನೆನಪಿನದು. ಕಂಪನಿ ಕೊಟ್ಟ ಸೈಲೆನ್ಸರಿನಲ್ಲಿ ಓಡುವ, ಚೆನ್ನಾಗಿ ನೋಡಿಕೊಂಡ ಯಂತ್ರಕ್ಕೆ ತನ್ನದೇ ಒಂದು ದನಿ ಇರುತ್ತದೆ ಎಂದು ನಾನು ಈಗಲೂ ನಂಬುತ್ತೇನೆ. ಆದರೆ ಆ ಲೇಖನದ ಜೊತೆ ಅಚ್ಚಾದ ಒಂದು ಚಿತ್ರದಲ್ಲಿದ್ದ ಬೈಕಿಗೆ ಮೂಲ ಸೈಲೆನ್ಸರ್ ಇರಲಿಲ್ಲ. ನಿಮ್ಮ ಪತ್ರ ಬಂದ ಮೇಲೆ ಮತ್ತೆ ತೆಗೆದು ನೋಡಿದಾಗ ಅದು ಕಣ್ಣಿಗೆ ಬಿತ್ತು. ಅದು ನಮ್ಮ ತಪ್ಪು, ನಿಮ್ಮ ಆಕ್ಷೇಪ ನ್ಯಾಯವಾದದ್ದು. ಇನ್ನು ಮುಂದೆ ಅಂಥ ಚಿತ್ರ ನಮ್ಮ ಪುಟಗಳಲ್ಲಿ ಬರುವುದಿಲ್ಲ.

ದೂರು ಕೊಡುವ ಮುನ್ನ ಒಂದು ಸಲ, ಹಗಲು ಹೊತ್ತಿನಲ್ಲಿ, ಆ ಹುಡುಗನ ತಾಯಿಯೊಂದಿಗೆ ಮಾತಾಡಿ ನೋಡಬಹುದೇ ಎಂದು ಕೇಳಬೇಕೆನಿಸುತ್ತದೆ. ಸಾಧ್ಯವಾದರೆ ಅವನನ್ನೇ ಒಳಗೆ ಕರೆದು ನಿಮ್ಮ ಪತಿ ಮಲಗಿರುವ ಕೋಣೆಯನ್ನು ತೋರಿಸಿ. ಅಲ್ಲಿ ಒಬ್ಬರು ಹೀಗೆ ಮಲಗಿದ್ದಾರೆಂಬುದು ಅವನಿಗೆ ಗೊತ್ತೇ ಇಲ್ಲದಿರಬಹುದು. ಅವನ ಕಂಪನಿ ಸೈಲೆನ್ಸರ್ ಕೂಡ ಯಾವುದೋ ಗ್ಯಾರೇಜಿನ ಗೋಡೆಯ ಮೇಲೆ ತೂಗುತ್ತಿದ್ದರೆ, ಅದನ್ನು ಮತ್ತೆ ಹಾಕಿಸುವುದು ಅರ್ಧ ಗಂಟೆಯ ಕೆಲಸ ಎಂದು ಆ ಮೆಕ್ಯಾನಿಕ್ ನನಗೆ ಹೇಳಿದ್ದಾರೆ. ಅದಕ್ಕೂ ಅವನು ಮಣಿಯದಿದ್ದರೆ, ದೂರಿನ ಹಿಂಬರಹದ ಒಂದು ಪ್ರತಿಯನ್ನು ನಮಗೂ ಕಳುಹಿಸಿ. ನಿಮ್ಮ ಹೆಸರು ಮರೆಮಾಡಿ, ದೂರು ಕೊಟ್ಟ ದಿನದಿಂದ ಏನೇನಾಯಿತು ಎಂಬುದನ್ನು ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.

ಸಂಪಾದಕ