ಸಾಲವಿಲ್ಲದ ಮನೆ ಮತ್ತು ‘ಮುಂದಕ್ಕೆ’ ಎಂಬ ಕಾಲಂ

ಸಲಹೆಗೆಂದು ನನ್ನಲ್ಲಿಗೆ ಬಂದ ದಂಪತಿಯೊಬ್ಬರ ಈ ಪ್ರಕರಣದಲ್ಲಿ ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಮೊತ್ತಗಳನ್ನು ಕೂಡ ನಿಜವಾದ ಹಣದಲ್ಲಿ ಹೇಳದೆ, ದಂಪತಿಯ ಒಟ್ಟು ತಿಂಗಳ ಆದಾಯವನ್ನು 100 ಎಂದು ಹಿಡಿದು ಆ ಲೆಕ್ಕದಲ್ಲಿಯೇ ಕೊಟ್ಟಿದ್ದೇನೆ. ಬರೆಯುವುದಕ್ಕೆ ಇಬ್ಬರ ಒಪ್ಪಿಗೆಯೂ ಇದೆ.

ಇಬ್ಬರೂ ದುಡಿಯುವವರು, ಇಬ್ಬರು ಮಕ್ಕಳು. ಮದುವೆಯಾದಂದಿನಿಂದ ಬಾಡಿಗೆ ಮನೆ. 9 ವರ್ಷಗಳಿಂದ ಸಾಲದ ಸೋಂಕಿಲ್ಲದೆ ಸ್ವಂತ ಮನೆಯೊಂದನ್ನು ಹಂತಹಂತವಾಗಿ ಕಟ್ಟುತ್ತ ಬಂದಿದ್ದರು. ಕೈಗೆ ಬಂದ 100ರಲ್ಲಿ 45 ನೇರವಾಗಿ ಮನೆಯ ಖಾತೆಗೆ ಹೋಗುತ್ತಿತ್ತು, ಉಳಿದ 55ರಲ್ಲಿ ಬಾಡಿಗೆ, ಊಟ, ಶಾಲೆ, ಓಡಾಟ ಎಲ್ಲವೂ ನಡೆಯಬೇಕಿತ್ತು. ರಜೆಯ ದಿನಗಳಲ್ಲಿ ಪತಿ ತಾವೇ ಕೂಲಿಯವರ ಜೊತೆ ನಿಂತು ಕಲ್ಲು, ಮರಳು ಹೊತ್ತಿದ್ದರು. ತಳಪಾಯ, ಗೋಡೆ, ಚಾವಣಿ ಮುಗಿದಿದ್ದವು. ಗಾರೆ, ನೆಲ, ಬಾಗಿಲುಗಳು ಬಾಕಿ ಇದ್ದವು. ಅಷ್ಟರಲ್ಲಿ ಪತ್ನಿ ಎರಡು ವರ್ಷಗಳ ಹಿಂದೆ ಗುಟ್ಟಾಗಿ ಸಾಲ ಮಾಡಿದ್ದು ಬಯಲಾಗಿ, ಮಾತುಕತೆ ನಿಂತುಹೋಗಿ, ಹಿರಿಯ ಬಂಧುವೊಬ್ಬರ ಒತ್ತಾಯಕ್ಕೆ ನನ್ನಲ್ಲಿಗೆ ಬಂದರು.

ಬಯಲಾದ ಬಗೆಯನ್ನು ಪತಿ ಮೊದಲ ಭೇಟಿಯಲ್ಲಿ ಸಿಟ್ಟಿನಿಂದಲೇ ಹೇಳಿದರು. ಒಂದು ಸಂಜೆ ಮನೆಗೆ ಬಂದ ಫೋನ್ ಕರೆಯನ್ನು ಮಗಳು ಎತ್ತಿಕೊಂಡು, ಪಕ್ಕದಲ್ಲಿಯೇ ಕುಳಿತಿದ್ದ ತಾಯಿಯ ಮುಖ ನೋಡಿ, “ಅಮ್ಮ ಮನೆಯಲ್ಲಿಲ್ಲ” ಎಂದಳಂತೆ. ಮಗುವಿನ ದನಿಯಲ್ಲಿ ತಡವರಿಕೆಯೇ ಇರಲಿಲ್ಲ, ಅದು ಅಭ್ಯಾಸವಾಗಿಹೋದ ಮಾತಾಗಿತ್ತು. ಆ ಕರೆಯ ಜಾಡು ಹಿಡಿದು ಹೋದಾಗ ಲೇವಾದೇವಿಯವರಲ್ಲಿ ತಿಂಗಳಿಗೆ ಶೇ. 3ರ ಬಡ್ಡಿಗೆ ಪಡೆದ 60, ಸಹೋದ್ಯೋಗಿಯೊಬ್ಬರಿಂದ ಬಡ್ಡಿಯಿಲ್ಲದೆ ಪಡೆದ 15 ಬೆಳಕಿಗೆ ಬಂದವು. ಆ 60, ನಡುವೆ ಆಗೊಮ್ಮೆ ಈಗೊಮ್ಮೆ ಕಟ್ಟಿದ್ದರೂ, 110ಕ್ಕೆ ಏರಿ ನಿಂತಿತ್ತು.

ಪತ್ನಿಯನ್ನು ಪ್ರತ್ಯೇಕವಾಗಿ ಮಾತನಾಡಿಸಿದಾಗ ಸಾಲದ ಕಾರಣ ಎರಡೇ ವಾಕ್ಯಗಳಲ್ಲಿ ಮುಗಿಯಿತು: ತಿಂಗಳುಗಟ್ಟಲೆ ಸಹಿಸಿದ್ದ ಹಲ್ಲುನೋವಿಗೆ ಮಾಡಿಸಿಕೊಂಡ ಚಿಕಿತ್ಸೆ, ತವರಿನ ತಾಯಿ ಆಸ್ಪತ್ರೆ ಸೇರಿದಾಗ ಕೊಟ್ಟ ಹಣ. ಕೇಳಬಹುದಿತ್ತಲ್ಲ ಎಂದಾಗ ಆಕೆ ಹೇಳಿದ್ದು ಇಷ್ಟೇ: “ಕೇಳಿದ್ದೆ. ಪುಸ್ತಕದಲ್ಲಿ ಬರೆದುಕೊಂಡರು.”

ಎರಡನೆಯ ಭೇಟಿಯಲ್ಲಿ ನಾನೊಂದು ತಪ್ಪು ಮಾಡಿದೆ. ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಬಡ್ಡಿಯ ಲೆಕ್ಕ ಬಿಡಿಸಿ ತೋರಿಸಿದೆ. ತಿಂಗಳಿಗೆ ಶೇ. 3 ಎಂದರೆ ವರ್ಷಕ್ಕೆ ಶೇ. 36 ಎಂದು ಅನ್ನಿಸುತ್ತದೆ, ಆದರೆ ಕಟ್ಟದೆ ಬಿಟ್ಟ ಬಡ್ಡಿಗೂ ಬಡ್ಡಿ ಸೇರಿದಾಗ ಅದು ಶೇ. 42ನ್ನು ದಾಟುತ್ತದೆ, ಎರಡು ವರ್ಷಗಳಲ್ಲಿ ಅಸಲು ದುಪ್ಪಟ್ಟಾಗುತ್ತದೆ ಎಂದೆ. ಶೇ. 9ರ ಬಡ್ಡಿಗೆ 20 ವರ್ಷಗಳ ಗೃಹಸಾಲ ಪಡೆದರೆ ಪ್ರತಿ 100ಕ್ಕೆ ಸುಮಾರು 216 ಮರಳಿಸಬೇಕಾಗುತ್ತದೆ, 10 ವರ್ಷಕ್ಕೆ ತೀರಿಸಿದರೆ 152 ಎಂದೂ ಸೇರಿಸಿದೆ. ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಅದು ಪತಿಯ ಕೈಗೆ ಕೊಟ್ಟ ತೀರ್ಪಿನಂತಾಯಿತು. “ನಾನು ಹೇಳುತ್ತಿದ್ದುದೂ ಇದನ್ನೇ” ಎಂದು ಅವರು ಹಿಂದಕ್ಕೆ ಒರಗಿದರು, ಮುಂದಿನ ಭೇಟಿಗೆ ಪತ್ನಿ ಬರಲೇ ಇಲ್ಲ. ಗಾಯದ ಮೇಲೆ ಕೂತು ಗಣಿತ ಹೇಳಬಾರದೆಂಬುದು ನನಗೆ ಗೊತ್ತಿದ್ದ ಸಂಗತಿಯೇ. ಆ ದಿನ ಮರೆತೆ.

ಹೀಗಾಗಿ ಮೂರನೆಯ ಭೇಟಿಗೆ ಪತಿಯೊಬ್ಬರೇ ಬಂದರು, ಕೈಯಲ್ಲಿ ಖರ್ಚಿನ ಪುಸ್ತಕವಿತ್ತು. ಉದ್ದನೆಯ, ರಟ್ಟು ಸವೆದ ಪುಸ್ತಕ; ಪ್ರತಿ ಪುಟದಲ್ಲಿ ಸ್ಕೇಲ್ ಹಿಡಿದು ಎಳೆದ ಮೂರು ಗೆರೆಗಳು, ನಾಲ್ಕು ಕಾಲಂಗಳು: ಬಂದದ್ದು, ಹೋದದ್ದು, ಮನೆಗೆ, ಮುಂದಕ್ಕೆ. ಮಕ್ಕಳ ಪೆನ್ಸಿಲ್ಲಿನ ಖರ್ಚೂ ಅದರಲ್ಲಿತ್ತು. ಇಷ್ಟು ವರ್ಷ ಒಂದು ದಿನವೂ ತಪ್ಪದೆ ಬರೆದ ಆ ಶಿಸ್ತನ್ನು ನಾನು ಮನಸಾರೆ ಮೆಚ್ಚಿದೆ, ಈಗಲೂ ಮೆಚ್ಚುತ್ತೇನೆ. ಮುಂದಕ್ಕೆ ಎಂದರೇನು ಎಂದು ಕೇಳಿದೆ. ಈಗ ಬೇಡ, ಮನೆಯಾದ ಮೇಲೆ ನೋಡೋಣ ಎಂದು ತಳ್ಳಿದ ಖರ್ಚುಗಳು ಎಂದರು. ಕಳೆದ ಮೂರು ವರ್ಷಗಳ ಆ ಕಾಲಮನ್ನು ಗಟ್ಟಿಯಾಗಿ ಓದಿ, ಒಂದೊಂದು ಬಾಬ್ತಿನ ಮುಂದೆಯೂ ಅದು ಯಾರದೆಂದು ಹೇಳಿರೆಂದು ಕೇಳಿಕೊಂಡೆ. ಅವರು ಪುಸ್ತಕವನ್ನು ತೋಳುದ್ದ ದೂರಕ್ಕೆ ಹಿಡಿದು, ಕಣ್ಣು ಕಿರಿದು ಮಾಡಿ ಓದತೊಡಗಿದರು. ಹಲ್ಲು, ಆಕೆಯದು. ಚಪ್ಪಲಿ, ಆಕೆಯದು. ಅತ್ತೆಯ ಔಷಧ, ಆಕೆಯದು. ಶಾಲೆಯ ಪ್ರವಾಸ, ಮಗಳದು. ಒಟ್ಟು 23 ಬಾಬ್ತುಗಳಲ್ಲಿ 17 ಪತ್ನಿಯವು, 5 ಮಕ್ಕಳವು, 1 ಅವರದು. ಆ ಒಂದು ಕನ್ನಡಕ. ಓದುತ್ತ ಓದುತ್ತ ಅವರ ದನಿ ತಗ್ಗಿತು. ನಾನು ಏನೂ ಹೇಳಲಿಲ್ಲ.

ಬಹಳ ಹೊತ್ತಿನ ಮೇಲೆ ಅವರು ಪುಸ್ತಕ ಮುಚ್ಚಿ ತಮ್ಮ ಬಾಲ್ಯದ ಮಾತೆತ್ತಿದರು. ಅವರ ತಂದೆಯ ಮನೆ ಸಾಲಕ್ಕೆ ಹೋಗಿತ್ತು. ಅದಕ್ಕೂ ಮುಂಚಿನ ವರ್ಷಗಳಲ್ಲಿ ಸಾಲ ಕೊಟ್ಟವರು ಬಾಗಿಲಿಗೆ ಬಂದಾಗಲೆಲ್ಲ, ತಂದೆ ಒಳಕೋಣೆಯಲ್ಲಿ ಕುಳಿತು, 9 ವರ್ಷದ ಮಗನನ್ನು ಹೊರಗೆ ಕಳಿಸುತ್ತಿದ್ದರು. “ಅಪ್ಪ ಇಲ್ಲ” ಎನ್ನುವುದು ಅವನ ಕೆಲಸ. ಸಾಲವೆಂದರೆ ಅವರ ಪಾಲಿಗೆ ಬಡ್ಡಿಯಲ್ಲ, ಹೊಸ್ತಿಲಲ್ಲಿ ನಿಂತು ಹೇಳಿದ ಸುಳ್ಳು. ತಮ್ಮ ಮಕ್ಕಳಿಗೆ ಅಂಥ ದಿನ ಬರಬಾರದೆಂದೇ ಅವರು ಈ ಮನೆಗೆ ಕೈಹಾಕಿದ್ದು. ಇಷ್ಟು ಹೇಳಿ, ಮಾತನ್ನು ಅರ್ಧಕ್ಕೇ ನಿಲ್ಲಿಸಿ, “ಮಗಳೂ ಅದನ್ನೇ ಹೇಳಿದಳಲ್ಲ” ಎಂದರು. ಆ ಎರಡು ಸುಳ್ಳುಗಳ ನಂಟನ್ನು ನಾನು ಮೊದಲ ದಿನ ಗಮನಿಸುವುದು ಸಾಧ್ಯವಿರಲಿಲ್ಲ. ಗಮನಿಸಿದ್ದರೂ ಅದನ್ನು ಅವರೇ ಕಂಡುಕೊಂಡದ್ದರಲ್ಲಿ ಇದ್ದ ಬಲ ನನ್ನ ಮಾತಿನಲ್ಲಿ ಇರುತ್ತಿರಲಿಲ್ಲ.

ನಾಲ್ಕನೆಯ ಭೇಟಿಗೆ ಪತ್ನಿಯೂ ಬಂದರು. ಅಂದು ಸಾಲದ ಮಾತಿಗಿಂತ ಮೊದಲು ದುಡಿಮೆಯ ಮಾತಾಡಿದೆವು. ಪತಿಯ ಮಾತುಗಳಲ್ಲಿ ಮನೆ ಕಟ್ಟಿದ್ದು “ನಾನು” ಎಂದೇ ಬರುತ್ತಿತ್ತು. ಚಾವಣಿಯ ಕಾಂಕ್ರೀಟಿಗೆ ನೀರುಣಿಸಿದವರು ಯಾರೆಂದು ಕೇಳಿದೆ. ಕಾಂಕ್ರೀಟು ಗಟ್ಟಿಯಾಗುವುದು ಒಣಗುವುದರಿಂದಲ್ಲ, ಸಿಮೆಂಟು ನೀರಿನೊಡನೆ ಕೂಡಿಕೊಳ್ಳುವುದರಿಂದ; ಮೊದಲ ದಿನಗಳಲ್ಲಿ ಅದನ್ನು ತೇವವಾಗಿ ಇಡದಿದ್ದರೆ ಬಿರುಕು ಬಿಡುತ್ತದೆ, ಲೆಕ್ಕಕ್ಕೆ ಹಿಡಿಯುವ ಬಲ ಬರುವುದಕ್ಕೆ 28 ದಿನ ಬೇಕು ಎಂಬುದು ಮನೆ ಕಟ್ಟಿಸಿದವರಿಗೆಲ್ಲ ತಿಳಿದದ್ದೇ. ಆ ದಿನಗಳಲ್ಲಿ ನಸುಕಿನಲ್ಲಿ ಎದ್ದು, ಅಡುಗೆ ಮುಗಿಸಿ, ಕೊಡ ಹೊತ್ತು ಏಣಿ ಹತ್ತಿ, ನೀರು ಹಾಕಿ, ಆಮೇಲೆ ಕೆಲಸಕ್ಕೆ ಹೋಗುತ್ತಿದ್ದವರು ಪತ್ನಿ. ಸಂಜೆ ಮತ್ತೊಮ್ಮೆ. ಪುಸ್ತಕದ ಯಾವ ಕಾಲಮಿನಲ್ಲಿಯೂ ಅದಿರಲಿಲ್ಲ, ಏಕೆಂದರೆ ಅದಕ್ಕೆ ಯಾರೂ ಹಣ ಕೊಟ್ಟಿರಲಿಲ್ಲ.

ನನ್ನ ಅಭಿಪ್ರಾಯವನ್ನು ಇಬ್ಬರ ಮುಂದೆ ಹೀಗೆ ಇಟ್ಟೆ. ಸಾಲ ಮಾಡದೆ ಮನೆ ಕಟ್ಟುವ ನಿರ್ಧಾರ ತಪ್ಪಲ್ಲ, ಅದಕ್ಕೂ ಬೆಲೆಯಿದೆ ಎಂಬುದು ನೆನಪಿರಲಿ: ಕಟ್ಟುವ ಖರ್ಚು ವರ್ಷಕ್ಕೆ ಶೇ. 6ರಂತೆ ಏರಿದರೂ 12 ವರ್ಷಗಳಲ್ಲಿ ದುಪ್ಪಟ್ಟಾಗುತ್ತದೆ, ಕಾಯುವಷ್ಟು ಕಾಲ ಬಾಡಿಗೆಯೂ ಹೋಗುತ್ತಿರುತ್ತದೆ. ಆ ಬೆಲೆಯನ್ನು ತಿಳಿದೇ ತೆರುವುದಾದರೆ ತೆರಬಹುದು. ಆದರೆ ಒಬ್ಬರು ನಿರ್ಧರಿಸಿ ಇನ್ನೊಬ್ಬರು ಅನುಭವಿಸುವುದಕ್ಕೆ ಮಿತವ್ಯಯ ಎಂಬ ಹೆಸರು ಒಪ್ಪುವುದಿಲ್ಲ. ಅಂಥ ಕಡೆ ಕಡಿತಗೊಂಡ ಖರ್ಚು ನಿಲ್ಲುವುದಿಲ್ಲ, ಕಣ್ಣಿಗೆ ಬೀಳದ ಜಾಗಕ್ಕೆ ಹೋಗಿ ಬಡ್ಡಿ ಹೊತ್ತು ಬೆಳೆಯುತ್ತದೆ. ಪತ್ನಿಗೂ ಒಂದು ಮಾತು ಹೇಳಬೇಕಿತ್ತು. ಸಾಲಕ್ಕೆ ಕಾರಣ ನ್ಯಾಯವಾದದ್ದೇ, ಗುಟ್ಟಿಗೂ ಕಾರಣವಿತ್ತು. ಆದರೆ ಮಗುವಿನ ಬಾಯಿಂದ ಸುಳ್ಳು ಹೇಳಿಸಿದ್ದಕ್ಕೆ ಆಕೆಯೇ ಮಗಳೊಡನೆ ಕುಳಿತು ಮಾತನಾಡಬೇಕು, ಮಗಳ ಮೇಲೆ ಆ ಭಾರ ಉಳಿಯಬಾರದು ಎಂದೆ. ಆಕೆ ತಲೆಯಾಡಿಸಿದರು, ಬಹಳ ಹೊತ್ತು ಅತ್ತರು.

ಕೊಟ್ಟ ಸಲಹೆಗಳಲ್ಲಿ ಮೊದಲನೆಯದು, ಕಟ್ಟಡದ ಕೆಲಸವನ್ನು ಮೂರು ತಿಂಗಳು ಪೂರ್ತಿ ನಿಲ್ಲಿಸಿ ಮನೆಗೆ ಹೋಗುವ 45ನ್ನು ಸಾಲಕ್ಕೆ ತಿರುಗಿಸುವುದು. ಪತಿ ಇದನ್ನು ಸುಲಭಕ್ಕೆ ಒಪ್ಪಲಿಲ್ಲ; ಮನೆಯ ಹಣ ಮುಟ್ಟಬಾರದೆಂಬುದು ಅವರಿಗೆ ವ್ರತದಂತಾಗಿತ್ತು. ಒಂದು ಕೈಯಲ್ಲಿ ತಿಂಗಳಿಗೆ ಶೇ. 3 ಸೋರುತ್ತಿರುವಾಗ ಇನ್ನೊಂದು ಕೈಯಲ್ಲಿ ಗಾರೆ ಮೆತ್ತಿದರೆ ಅದು ಸಾಲದ ಹಣದಲ್ಲಿಯೇ ಮೆತ್ತಿದಂತೆ, ನಿಮ್ಮ ವ್ರತ ಆಗಲೇ ಮುರಿದಿದೆ ಎಂದಾಗ ಒಪ್ಪಿದರು. ಯಾವ ಸಾಲ ಮೊದಲು ಎಂಬಲ್ಲಿ ಲೆಕ್ಕದ ಪ್ರಕಾರ ಬಡ್ಡಿಯದೇ ಮೊದಲಾಗಬೇಕು. ಆದರೆ ಪತ್ನಿ ದಿನವೂ ಎದುರು ಕಾಣಬೇಕಾದದ್ದು ಆ ಸಹೋದ್ಯೋಗಿಯ ಮುಖವನ್ನು. ಮೊದಲ ತಿಂಗಳು ಅವರ 15 ತೀರಿಸಿ ಉಳಿದ 30ನ್ನು ಬಡ್ಡಿಯ ಸಾಲಕ್ಕೆ, ಮುಂದಿನ ಎರಡು ತಿಂಗಳು ಪೂರ್ತಿ 45ನ್ನು ಅದಕ್ಕೇ ಎಂದು ನಿಗದಿ ಮಾಡಿದೆವು. ಇದರಿಂದ ಆಗುವ ನಷ್ಟ ಈ ಲೆಕ್ಕದಲ್ಲಿ 1ಕ್ಕೂ ಕಡಿಮೆ, ಆಕೆಗೆ ಸಿಕ್ಕ ನೆಮ್ಮದಿ ಅದಕ್ಕಿಂತ ದೊಡ್ಡದು.

ಎರಡನೆಯದು ಆಪತ್ಕಾಲದ ನಿಧಿ. ಈ ಕುಟುಂಬದ ಉಳಿತಾಯವೆಲ್ಲ ಗೋಡೆಯಾಗಿ ನಿಂತಿತ್ತು, ಮತ್ತು ಜ್ವರ ಬಂದ ರಾತ್ರಿ ಗೋಡೆಯಿಂದ ಇಟ್ಟಿಗೆ ಕಿತ್ತು ಔಷಧ ತರಲಾಗದು. ಕನಿಷ್ಠ ಮೂರು ತಿಂಗಳ ಮನೆಖರ್ಚು, ಸಾಧ್ಯವಾದರೆ ಆರು ತಿಂಗಳದು, ಬೇಕೆಂದಾಗ ತೆಗೆಯಬಹುದಾದ ಬೇರೆ ಖಾತೆಯಲ್ಲಿ, ಇಬ್ಬರ ಹೆಸರಿನಲ್ಲಿ ಇರಬೇಕು. ಅದು ತುಂಬುವ ತನಕ ಕಟ್ಟಡಕ್ಕೆ 45ರ ಬದಲು 20 ಮಾತ್ರ. ಆರೋಗ್ಯ ವಿಮೆಯ ಕಂತನ್ನು ಖರ್ಚು ಎಂದು ನೋಡದೆ ತಳಪಾಯದ ಬಾಬ್ತಿಗೆ ಬರೆಯಿರಿ ಎಂದೆ. ಇಬ್ಬರಿಗೂ ಸಮನಾಗಿ, ಲೆಕ್ಕ ಕೊಡಬೇಕಿಲ್ಲದ ಒಂದು ಸಣ್ಣ ಕೈಖರ್ಚು ಇರಲಿ ಎಂಬುದನ್ನು ಪತಿ ದುಂದು ಎಂದರು. ಆಕೆ ತಿಂಗಳಿಗೆ 2 ಸಾಕು ಎಂದಾಗ ಸುಮ್ಮನಾದರು.

ಪುಸ್ತಕದ ಬಗ್ಗೆ ಹೆಚ್ಚು ಹೊತ್ತು ಕುಳಿತೆವು, ಏಕೆಂದರೆ ಗಂಟು ಬಿದ್ದಿದ್ದು ಅಲ್ಲಿ. ಪುಸ್ತಕ ಒಂದು ತಿಂಗಳು ಪತಿಯ ಕೈಯಲ್ಲಿ, ಒಂದು ತಿಂಗಳು ಪತ್ನಿಯ ಕೈಯಲ್ಲಿ ಇರಬೇಕು. ‘ಮುಂದಕ್ಕೆ’ ಕಾಲಮಿನಲ್ಲಿ ಒಬ್ಬರ ಬಾಬ್ತನ್ನು ಇನ್ನೊಬ್ಬರು ಬರೆಯುವಂತಿಲ್ಲ, ತನ್ನದನ್ನು ತಾನೇ ತಳ್ಳಿಕೊಳ್ಳಬೇಕು. ತಳ್ಳಿದ್ದರ ಮುಂದೆ ಯಾವ ತಿಂಗಳಿಗೆ ಎಂದು ಬರೆದಿರಬೇಕು. ಮೈಗೆ ಸಂಬಂಧಿಸಿದ್ದು, ಅಂದರೆ ಹಲ್ಲು, ಕಣ್ಣು, ಔಷಧ, ಯಾರದೇ ಆಗಲಿ, ಆ ಕಾಲಮಿಗೆ ಹೋಗುವಂತೆಯೇ ಇಲ್ಲ. ಕಟ್ಟಡದ ವಿಷಯದಲ್ಲಿ ನಾನು ತಜ್ಞನಲ್ಲವಾದ್ದರಿಂದ ಎಂಜಿನಿಯರೊಬ್ಬರನ್ನು ಕೇಳಿಕೊಂಡು ಬರಲು ಹೇಳಿದೆ: ಕೆಲಸ ನಿಂತಷ್ಟು ದಿನ ಮೇಲೆ ಚಾಚಿಕೊಂಡಿರುವ ಕಂಬದ ಕಂಬಿಗಳು ತುಕ್ಕು ಹಿಡಿಯದಂತೆ ಏನು ಬಳಿಯಬೇಕು, ಎರಡು ಕೋಣೆಗಳನ್ನಷ್ಟೇ ಸಿದ್ಧಪಡಿಸಿಕೊಂಡು ಒಳಗೆ ಹೋಗಿ ಬಾಡಿಗೆ ಉಳಿಸುವುದು ಸಾಧ್ಯವೇ ಎಂದು.

ಸಾಲ ನಾಲ್ಕನೆಯ ತಿಂಗಳಿಗೆ ತೀರಿತು, ಒಂದು ತಿಂಗಳು ತಡವಾಗಿ. ನಿಧಿ ಇನ್ನೂ ಅರ್ಧದಷ್ಟಿದೆ. ಗಾರೆಯಾದ ಎರಡು ಕೋಣೆಗಳಲ್ಲಿ, ಸಿಮೆಂಟಿನ ಒರಟು ನೆಲದ ಮೇಲೆ, ಅವರು ಸಂಸಾರ ಹೂಡಿದ್ದಾರೆ. ಮೊನ್ನೆಯ ಭೇಟಿಗೆ ಪುಸ್ತಕ ತಂದವರು ಪತ್ನಿ. ಪತಿ ಅದನ್ನು ಕನ್ನಡಕ ಹಾಕಿಕೊಂಡು ಓದಿದರು, ಓದುವ ಮುನ್ನ ಆಕೆಯನ್ನು ಕೇಳಿ ತೆಗೆದುಕೊಂಡರು. ಪೂರ್ತಿ ನಂಬಿಕೆ ಮರಳಿದೆ ಎಂದು ನಾನು ಹೇಳಲಾರೆ. ಫೋನ್ ಬಂದಾಗ ಅವರ ಕಣ್ಣು ಈಗಲೂ ತಮ್ಮತ್ತ ಹೊರಳುತ್ತದೆ ಎಂದು ಆಕೆ ಅವರೆದುರಿಗೇ ಹೇಳಿದರು, ಅವರು ಅಲ್ಲಗಳೆಯಲಿಲ್ಲ. ನೆಲಹಾಸಿಗೆ ಬ್ಯಾಂಕಿನಿಂದ ಸಣ್ಣ ಸಾಲ ಪಡೆದು ವರ್ಷದಲ್ಲಿ ತೀರಿಸೋಣವೆಂದು ಆಕೆ, ಬೇಡ, ಎರಡು ವರ್ಷ ಒರಟು ನೆಲದ ಮೇಲೆಯೇ ಇರೋಣವೆಂದು ಅವರು. ಬಾಬ್ತು ಇಬ್ಬರ ಕೈಬರಹದಲ್ಲಿಯೂ ‘ಮುಂದಕ್ಕೆ’ ಕಾಲಮಿನಲ್ಲಿದೆ, ತಿಂಗಳು ಇನ್ನೂ ಬರೆದಿಲ್ಲ.