ಓದುಗರ ಪ್ರಶ್ನೆ: ಓದಿ ತಿಳಿದವರೂ ಏಕೆ ನಂಬುತ್ತಾರೆ?

ಪ್ರಶ್ನೆ: ನಮ್ಮ ಕನ್ನಡ ಬಳಗದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನನ್ನ ಭಾವ ದಿನಕ್ಕೊಂದಾದರೂ ಸುಳ್ಳು ಸಂದೇಶವನ್ನು ದಾಟಿಸುತ್ತಾರೆ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ತಪಾಸಣೆ ಮಾಡಿದವರು ಇವನ್ನೆಲ್ಲ ನಂಬುವುದಾದರೂ ಹೇಗೆ?
– ಓದುಗರೊಬ್ಬರು, ಡೊಂಬಿವಲಿ, ಮುಂಬಯಿ

ಉತ್ತರ: ಬ್ಯಾಂಕಿನಲ್ಲಿ ನಿಮ್ಮ ಭಾವ ಓಚರ್ ತಂದವರ ಮುಖ ನೋಡದೆ ಸಹಿ, ತಾರೀಖುಗಳನ್ನು ನೋಡುತ್ತಿದ್ದರು. ಮೊಬೈಲಿನಲ್ಲಿ ಇದು ತಿರುಗುಮುರುಗಾಗುತ್ತದೆ. ಕಳುಹಿಸಿದವರು ಬೇಕಾದವರೆಂದ ಮೇಲೆ ಒಕ್ಕಣೆಯನ್ನು ಯಾರೂ ತಪಾಸಣೆಗೆ ಒಡ್ಡುವುದಿಲ್ಲ. ಸುಳ್ಳನ್ನು ಹೆಣೆಯುವವರಿಗೆ ಬೇಕಾದದ್ದು ಈ ಸಲಿಗೆಯೇ. ಅದರ ಮೇಲೆ ‘ದೊಡ್ಡ ವೈದ್ಯರು ಹೇಳಿದ್ದು’ ಎಂದು ಹೆಸರಿಲ್ಲದ ಅಧಿಕಾರವನ್ನೂ, ‘ಅಳಿಸಿಹಾಕುವ ಮೊದಲೇ ಹಂಚಿ’ ಎಂಬ ಅವಸರವನ್ನೂ ಹಚ್ಚುತ್ತಾರೆ. ಊರಿನ ಗುಂಪು, ಸೊಸೈಟಿಯ ಗುಂಪು, ಬಳಗದ ಗುಂಪು ಮೂರರಲ್ಲೂ ಅದೇ ಮಾತು ಬಂದರೆ ಮೂರು ಸಾಕ್ಷಿ ಸಿಕ್ಕಂತೆ ಅನಿಸುತ್ತದೆ, ಮೂಲ ಒಂದೇ ಆಗಿದ್ದರೂ. ಮತ್ತೆ ಮತ್ತೆ ಕೇಳಿದ ಹೇಳಿಕೆ ಹೆಚ್ಚು ನಿಜವೆಂದು ತೋರುತ್ತದೆ ಎಂಬುದನ್ನು ಅಮೆರಿಕದ ಮನೋವಿಜ್ಞಾನಿಗಳು 1977ರಲ್ಲೇ ಪ್ರಯೋಗದಿಂದ ತೋರಿಸಿದ್ದರು.

ಎಲ್ಲಕ್ಕಿಂತ ಕೆಟ್ಟದ್ದು ಭಯ. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ 2018ರಲ್ಲಿ ನಮ್ಮ ದೇಶದ ಮೊಬೈಲುಗಳಲ್ಲೆಲ್ಲ ಹರಿದಾಡಿತು. ಅಸಲಿಗೆ ಅದು ಪೋಷಕರನ್ನು ಎಚ್ಚರಿಸಲು ಕರಾಚಿಯಲ್ಲಿ ತಯಾರಿಸಿದ ಚಿತ್ರ. ಕೊನೆಯಲ್ಲಿ ಅವರೇ ಮಗುವನ್ನು ತಂದು ಬಿಟ್ಟು ಫಲಕ ಹಿಡಿದು ತೋರಿಸುತ್ತಾರೆ. ಆ ಕೊನೆಯನ್ನಷ್ಟೇ ಯಾರೋ ಕತ್ತರಿಸಿದ್ದರು. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದ ನಮ್ಮ ಹಿರಿಯರು ವಿಡಿಯೊ ಕಂಡವರಲ್ಲ, ಆದರೂ ಮಾತು ಇಲ್ಲಿಗೆ ಸರಿಯಾಗಿ ಕೂರುತ್ತದೆ. ಮಕ್ಕಳ ಕಳ್ಳರೆಂಬ ಇಂಥದೇ ಗುಲ್ಲಿಗೆ ಆ ವರ್ಷದ ಜುಲೈ 1ರಂದು ನಮ್ಮದೇ ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನಪಾಡಾದಲ್ಲಿ ಐವರು ಅಲೆಮಾರಿಗಳು ಬಲಿಯಾದರು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಮ್ಮೆಗೆ ಐದು ಕಡೆಗಷ್ಟೇ ಸಂದೇಶ ದಾಟಿಸಬಹುದೆಂಬ ಮಿತಿ ತರುವುದಾಗಿ ಹೇಳಿತು. ವೇಗ ತಗ್ಗಿಸಲು ಅದು ಸಾಕು, ನಂಬಿಕೆ ಅಳಿಸಲು ಸಾಲದು.

ಭಾವನವರನ್ನು ಗುಂಪಿನಲ್ಲೇ ತಿದ್ದಲು ಹೋಗಬೇಡಿ. ನಾಲ್ಕು ಜನರೆದುರು ಮುಖಭಂಗವಾದವರು ಸುಳ್ಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡದ್ದನ್ನು ನಾನೇ ಕಂಡಿದ್ದೇನೆ. ಸಂಜೆ ಫೋನ್ ಮಾಡಿ, ‘ಭಾವಾ, ಇದರ ತಾರೀಖು ಯಾವುದು, ಪೂರ್ತಿ ವಿಡಿಯೊ ಎಲ್ಲಿದೆ, ಸಹಿ ಯಾರದು’ ಎಂದು ಅವರ ಓಚರಿನ ಭಾಷೆಯಲ್ಲೇ ಕೇಳಿ.